ಹನ್ನೆರಡೂವರೆ ಅಡಿಯ ಪೋರ್ಟಿಕೊ

ಕಾರು ಕೊಳ್ಳಬೇಕು ಅಂತ ತೀರ್ಮಾನವಾದ ದಿನ ನಾನು ಮೊದಲು ಹುಡುಕಿದ್ದು ಟೇಪು. ಮನೆ ಕಟ್ಟಿದಾಗ ಮೇಸ್ತ್ರಿ ಬಿಟ್ಟುಹೋಗಿದ್ದ ಹಳದಿ ಟೇಪು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿತ್ತು. ಒಂದು ತುದಿಯನ್ನು ಮಗಳು ಮುಂಬಾಗಿಲ ಮೆಟ್ಟಿಲಿಗೆ ಒತ್ತಿ ಹಿಡಿದಳು, ಇನ್ನೊಂದನ್ನು ನಾನು ಗೇಟಿನವರೆಗೆ ಎಳೆದುಕೊಂಡು ಹೋದೆ. ಹನ್ನೆರಡೂವರೆ ಅಡಿ. ಅಗಲ ಎಂಟು ಅಡಿ. ಅದರೊಳಗೇ ಸಂಪಿನ ಮುಚ್ಚಳ, ಕರೆಂಟಿನ ಮೀಟರು, ಗೋಡೆಗೆ ಒರಗಿದ ಸ್ಕೂಟರು, ಚಪ್ಪಲಿ ಸ್ಟ್ಯಾಂಡು. ಬೆಂಗಳೂರಿನ ಹನುಮಂತನಗರದಲ್ಲಿ ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಮನೆ ಕಟ್ಟಿದವರಿಗೆ ಇಷ್ಟು ಉಳಿದರೆ ಅದೇ ಹೆಚ್ಚು.

ನಮಗೆ ಕಾರು ಬೇಕಾಗಿದ್ದು ಮಾವನಿಗಾಗಿ. ವಾರಕ್ಕೆ ಎರಡು ದಿನ ಅವರನ್ನು ಡಯಾಲಿಸಿಸ್‌ಗೆ ಜಯನಗರಕ್ಕೆ ಕರೆದುಕೊಂಡು ಹೋಗಬೇಕು. ದೂರ ಐದು ಕಿಲೋಮೀಟರಿನ ಆಸುಪಾಸು, ಅಷ್ಟೆ. ಹೋಗುವಾಗ ಆಟೊ ಹೇಗೋ ಸಿಗುತ್ತಿತ್ತು. ಬರುವಾಗ, ನಾಲ್ಕು ಗಂಟೆ ಮಲಗಿ ಎದ್ದು ಕಾಲು ನಡುಗುತ್ತಿರುವ ಮುದುಕರನ್ನು ಫುಟ್‌ಪಾತಿನ ಕಟ್ಟೆಯ ಮೇಲೆ ಕೂರಿಸಿಕೊಂಡು, ಫೋನಿನಲ್ಲಿ ಬುಕ್ ಮಾಡಿದ ಗಾಡಿ ಒಂದಾದ ಮೇಲೊಂದು ಕ್ಯಾನ್ಸಲ್ ಆಗುವುದನ್ನು ನೋಡುತ್ತಾ ನಿಲ್ಲಬೇಕಿತ್ತು. ಒಂದು ಸಂಜೆ ಜೋರು ಮಳೆ. ನನ್ನ ವೇಲನ್ನು ಅವರ ತಲೆಯ ಮೇಲೆ ಹೊದಿಸಿ ಮುಕ್ಕಾಲು ಗಂಟೆ ನಿಂತೆ. ಅವರು ಒಂದೇ ಮಾತು ಹೇಳಿದರು: ‘ನನ್ನಿಂದ ನಿಂಗೆ ಎಷ್ಟು ತೊಂದ್ರೆನಮ್ಮಾ.’ ಆ ಮಾತು ಇನ್ನೊಮ್ಮೆ ಅವರ ಬಾಯಿಂದ ಬರಬಾರದು ಅನ್ನಿಸಿತು.

ಕಾರಿನ ಜಾಹೀರಾತುಗಳಲ್ಲಿ ಬೆಟ್ಟ, ಸಮುದ್ರ, ಖಾಲಿ ರಸ್ತೆ ಎಲ್ಲ ಇರುತ್ತವೆ. ಉದ್ದ ಎಷ್ಟು ಅನ್ನುವುದನ್ನು ಮಾತ್ರ ಕೊನೆಯ ಪುಟದ ಪಟ್ಟಿಯಲ್ಲಿ, ಮಿಲಿಮೀಟರಿನಲ್ಲಿ, ಸಣ್ಣ ಅಕ್ಷರದಲ್ಲಿ ಹಾಕುತ್ತಾರೆ. ನಾನು ಆ ಪಟ್ಟಿಯಿಂದಲೇ ಶುರು ಮಾಡಿದೆ. ಹನ್ನೆರಡೂವರೆ ಅಡಿ ಅಂದರೆ 3810 ಮಿ.ಮೀ. ನೆಂಟರೆಲ್ಲ ‘ತಗೊಂಡ್ರೆ ಅದನ್ನೇ ತಗೋ’ ಅಂದ ಕಾರು ಟಾಟಾ ಪಂಚ್. 2024ರಲ್ಲಿ ದೇಶದಲ್ಲೇ ಅತಿ ಹೆಚ್ಚು ಮಾರಾಟವಾಗಿ, ನಾಲ್ಕು ದಶಕ ಮಾರುತಿಯ ಬಳಿಯೇ ಇದ್ದ ಮೊದಲ ಸ್ಥಾನವನ್ನು ಕಿತ್ತುಕೊಂಡ ಗಾಡಿ. ಅದರ ಉದ್ದ 3827 ಮಿ.ಮೀ. ನಮ್ಮ ಪೋರ್ಟಿಕೊಗಿಂತ ಅರ್ಧ ಇಂಚಿಗೆ ತುಸು ಮೇಲೆ. ಆ ಅರ್ಧ ಇಂಚಿಗೇ ಗೇಟು ಮುಚ್ಚುವುದಿಲ್ಲ. ನಾಲ್ಕು ಮೀಟರಿಗೆ ಐದು ಮಿ.ಮೀ. ಕಡಿಮೆ ಇಟ್ಟು ಮಾಡುವ ಕಾರುಗಳಂತೂ ಏಳು ಇಂಚು ರಸ್ತೆಗೆ ಚಾಚಿಕೊಳ್ಳುತ್ತವೆ. ಆಲ್ಟೊ ಕೆ10 3530 ಮಿ.ಮೀ., ಅಂದರೆ ಹನ್ನೊಂದು ಅಡಿ ಏಳು ಇಂಚು. ಒಳಗೆ ಬಂದು ನಿಂತ ಮೇಲೂ ಒಂದು ಗೇಣು ಮಿಗುತ್ತದೆ. ಅಗಲ ಐದು ಅಡಿಗೆ ಒಂದಿಂಚು ಕಮ್ಮಿ. ಉಳಿದ ಮೂರು ಅಡಿಯಲ್ಲಿ ಬಾಗಿಲು ತೆರೆದು, ವಾಕರ್ ಇಟ್ಟು, ಮಾವ ಇಳಿಯಬಹುದು.

ಈ ನಾಲ್ಕು ಮೀಟರಿನ ಗೆರೆ ಎಳೆದದ್ದು ಸರ್ಕಾರ. 2006ರ ಬಜೆಟ್ಟಿನಲ್ಲಿ, ನಾಲ್ಕು ಮೀಟರಿಗಿಂತ ಗಿಡ್ಡವಿದ್ದು 1200 ಸಿಸಿ ದಾಟದ ಪೆಟ್ರೋಲ್ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಡೀಸೆಲ್ಲಾದರೆ 1500 ಸಿಸಿ. ಉದ್ದೇಶ ಒಳ್ಳೆಯದೇ ಇತ್ತು: ಸಣ್ಣ ಕಾರು ಅಗ್ಗವಾಗಲಿ, ದೇಶ ಸಣ್ಣ ಕಾರುಗಳ ಕಾರ್ಖಾನೆಯಾಗಲಿ ಅಂತ. ಆಮೇಲೆ ಏನಾಯಿತೆಂದರೆ, ಕಂಪನಿಗಳೆಲ್ಲ ಆ ಗೆರೆಯವರೆಗೆ ಬಂದು ಅಲ್ಲೇ ನಿಂತವು. ಉದ್ದ ಬೆಳೆಸಲು ಜಾಗವಿಲ್ಲದ್ದರಿಂದ ಎತ್ತರಕ್ಕೆ, ಅಗಲಕ್ಕೆ ಬೆಳೆಸಿದವು. ತೆರಿಗೆಯ ಲೆಕ್ಕದಲ್ಲಿ ಇವತ್ತಿಗೂ ಅವೆಲ್ಲ ಸಣ್ಣ ಕಾರುಗಳೇ. ನಮ್ಮ ಬೀದಿಯ ಲೆಕ್ಕದಲ್ಲಿ ಅಲ್ಲ. ನಮ್ಮ ಕ್ರಾಸಿನಲ್ಲಿ ಅಂಥ ಹನ್ನೊಂದು ಗಾಡಿಗಳಿವೆ, ಒಂಬತ್ತು ರಾತ್ರಿಯೆಲ್ಲ ರಸ್ತೆಯಲ್ಲೇ ನಿಲ್ಲುತ್ತವೆ. ಮೂವತ್ತು ಅಡಿ ರಸ್ತೆಯಲ್ಲಿ ಓಡಾಟಕ್ಕೆ ಉಳಿಯುವುದು ಹದಿನೈದು ಅಡಿ. ಆಂಬುಲೆನ್ಸ್ ಬಂದರೆ ಯಾರ ಮನೆಯ ಬೆಲ್ಲು ಒತ್ತಬೇಕು ಅಂತ ಹುಡುಕಾಡುತ್ತೇವೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಗೇಟಿನೊಳಗೆ ನಿಲ್ಲುವ ಕಾರೇ ಬೇಕು ಅಂತ ಹಟ ಹಿಡಿದೆ.

ನಮ್ಮಪ್ಪನ ಹತ್ತಿರ ಮಾರುತಿ 800 ಇತ್ತು, ಸೆಕೆಂಡ್ ಹ್ಯಾಂಡು, ಬಿಳಿ ಬಣ್ಣದ್ದು. ಚಳಿಗಾಲದ ಬೆಳಿಗ್ಗೆ ಅದನ್ನು ಸ್ಟಾರ್ಟ್ ಮಾಡುವುದೇ ಒಂದು ವ್ರತ. ಚೋಕ್ ಎಳೆದು, ಕೀಲಿ ತಿರುಗಿಸಿ, ಎಂಜಿನ್ ಹಿಡಿದುಕೊಂಡ ಮೇಲೆ ಚೋಕನ್ನು ಮಗುವಿನ ಬಾಯಿಂದ ನಿಪ್ಪಲ್ ಬಿಡಿಸಿದಷ್ಟು ಮೆತ್ತಗೆ ಒಳಗೆ ತಳ್ಳಬೇಕು. ಅದು ಬರುವ ಮೊದಲು ಮಧ್ಯಮವರ್ಗಕ್ಕೆ ಇದ್ದದ್ದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಅವೂ ಕೈಗೆ ಎಟುಕದವು. 1983ರ ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಇಂದಿರಾ ಗಾಂಧಿ ಮೊದಲ ಮಾರುತಿಯ ಕೀಲಿ ಕೊಟ್ಟರು. ಜಪಾನಿನ ಸುಜುಕಿಯ ಆಲ್ಟೊವನ್ನೇ ಇಲ್ಲಿಗೆ ಒಗ್ಗಿಸಿದ ಗಾಡಿ ಅದು: 796 ಸಿಸಿ, ಮೂರು ಸಿಲಿಂಡರ್, ಬೆಲೆ ಐವತ್ತು ಸಾವಿರದ ಆಸುಪಾಸು. ಜನ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾದರು. 1986ರಲ್ಲಿ ಬಂದ ಹೊಸ ರೂಪ, ನಾವೆಲ್ಲ ಬೀದಿಯಲ್ಲಿ ಕಂಡದ್ದು, ಅದರ ಉದ್ದ 3335 ಮಿ.ಮೀ. ಹನ್ನೊಂದು ಅಡಿಯೂ ಇಲ್ಲ. ಅದರಲ್ಲೇ ನಾವು ಆರು ಜನ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೇವೆ.

2010ರ ಏಪ್ರಿಲ್ 1ರಂದು ಬೆಂಗಳೂರೂ ಸೇರಿ ಹದಿಮೂರು ನಗರಗಳಲ್ಲಿ ಬಿಎಸ್–4 ಹೊಗೆ ನಿಯಮ ಜಾರಿಗೆ ಬಂತು. ಅವತ್ತಿನಿಂದ ನಮ್ಮೂರಿನಲ್ಲಿ ಹೊಸ 800 ಸಿಗಲಿಲ್ಲ. ಆ ನಿಯಮ ಇನ್ನೂ ಮುಟ್ಟದ ಊರುಗಳಲ್ಲಿ ಮಾರಾಟ ನಡೆದೇ ಇತ್ತು. 2014ರ ಜನವರಿಯಲ್ಲಿ ಕಾರ್ಖಾನೆಯಲ್ಲೇ ನಿಲ್ಲಿಸಿದರು. ಆ ಹೊತ್ತಿಗೆ ಅದರ ಜಾಗದಲ್ಲಿ 2000ದಲ್ಲಿ ಬಂದ ಆಲ್ಟೊ ಬೇರು ಬಿಟ್ಟಿತ್ತು. 2020ರ ಆಗಸ್ಟ್ ವೇಳೆಗೆ 40 ಲಕ್ಷ ಆಲ್ಟೊ ಮಾರಾಟವಾಗಿದ್ದವು. ಅದರಲ್ಲಿ 800 ಸಿಸಿ ಎಂಜಿನ್ನಿನದು 2023ರ ಮಾರ್ಚಿನಲ್ಲಿ ಕೊನೆಗೊಂಡಿತು. ಪ್ರಯೋಗಾಲಯದಲ್ಲಷ್ಟೇ ಅಲ್ಲ, ರಸ್ತೆಯಲ್ಲಿ ಓಡುವಾಗಲೂ ಹೊಗೆಯ ಮಿತಿ ದಾಟಬಾರದು ಎಂಬ ನಿಯಮ ಅದೇ ಏಪ್ರಿಲ್‌ನಿಂದ ಬಂತು, ಹಳೆಯ ಎಂಜಿನ್ನನ್ನು ಅದಕ್ಕೆ ಒಗ್ಗಿಸುವ ಖರ್ಚು ಇಷ್ಟು ಅಗ್ಗದ ಕಾರಿಗೆ ಗಿಟ್ಟುವುದಿಲ್ಲ. ಹ್ಯುಂಡೈ ಇಯಾನ್ 2019ರಲ್ಲೇ ಹೋಗಿತ್ತು, ಡಾಟ್ಸನ್ 2022ರಲ್ಲಿ ದೇಶವನ್ನೇ ಬಿಟ್ಟಿತು. ಈಗ ತೀರಾ ಕೆಳಗಿನ ಮೆಟ್ಟಿಲಲ್ಲಿ ಉಳಿದಿರುವುದು 998 ಸಿಸಿಯ ಆಲ್ಟೊ ಕೆ10, ಅದೇ ಎಂಜಿನ್ನಿನ ಎಸ್‌–ಪ್ರೆಸೊ, ರೆನೊ ಕ್ವಿಡ್, ಹೀಗೆ ಬೆರಳೆಣಿಕೆಯವು.

ಒಂದು ಕಾಲಕ್ಕೆ ಬೀದಿ ತುಂಬ ಇದ್ದ ಗಾಡಿಗಳು ಯಾಕೆ ಕರಗಿದವು ಅಂತ ಕೇಳಿದರೆ ಎಲ್ಲರೂ ‘ಜನಕ್ಕೆ ದೊಡ್ಡ ಕಾರೇ ಬೇಕು’ ಅನ್ನುತ್ತಾರೆ. ಅದು ಅರ್ಧ ನಿಜ. ಏಪ್ರಿಲ್ 2019ರಿಂದ ಎಬಿಎಸ್ ಬ್ರೇಕ್ ಕಡ್ಡಾಯ. ಅದೇ ಜುಲೈನಿಂದ ಡ್ರೈವರ್ ಏರ್‌ಬ್ಯಾಗ್, ಹಿಂದಿನ ಪಾರ್ಕಿಂಗ್ ಸೆನ್ಸರ್, ಬೆಲ್ಟ್ ಹಾಕದಿದ್ದರೆ ಕೂಗುವ ಗಂಟೆ. 2020ರಲ್ಲಿ ಬಿಎಸ್–6. ಅದಾದ ಮೇಲೆ ಪಕ್ಕದ ಸೀಟಿಗೂ ಏರ್‌ಬ್ಯಾಗ್. ಇವುಗಳ ಬೆಲೆ ಐದು ಲಕ್ಷದ ಕಾರಿಗೂ ಇಪ್ಪತ್ತು ಲಕ್ಷದ ಕಾರಿಗೂ ಹೆಚ್ಚುಕಡಿಮೆ ಒಂದೇ. ದೊಡ್ಡ ಕಾರಿಗೆ ಅದು ಲೆಕ್ಕಕ್ಕಿಲ್ಲ, ಸಣ್ಣ ಕಾರಿಗೆ ಬೆನ್ನು ಮುರಿಯುವ ಭಾರ. ಸ್ಕೂಟರಿನಿಂದ ಇಳಿದು ಕಾರು ಹತ್ತಬೇಕೆಂದಿದ್ದ ಮನೆಯವರು ಆ ಭಾರ ನೋಡಿ ಸ್ಕೂಟರಿಗೇ ಮರಳಿದರು. ಹಾಗಂತ ಏರ್‌ಬ್ಯಾಗು ಬೇಡವಿತ್ತು ಅಂತ ನಾನು ಹೇಳುವುದಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿದಾಗ ಆಲ್ಟೊ 800 ಸೇರಿ ಐದಕ್ಕೂ ಬಂದದ್ದು ಸೊನ್ನೆ ಸ್ಟಾರ್. ಆ ವಿಡಿಯೊದಲ್ಲಿ ಸ್ಟೇರಿಂಗು ಗೊಂಬೆಯ ಎದೆಗೆ ಬರುವುದನ್ನು ನೋಡಿದವರು ಮರೆಯಲಾರರು. 2023ರಲ್ಲಿ ಕೆ10 ಅನ್ನು ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಗೆ ಎರಡು ಸ್ಟಾರ್, ಮಕ್ಕಳದ್ದಕ್ಕೆ ಸೊನ್ನೆ. 2025ರ ಮಾರ್ಚಿನಿಂದ ಅದರಲ್ಲಿ ಆರು ಏರ್‌ಬ್ಯಾಗು ಬರುತ್ತಿವೆ, ಅದು ಸಮಾಧಾನದ ಸಂಗತಿ. ಆದರೂ ಏರ್‌ಬ್ಯಾಗು ಒಂದು, ಕಾರಿನ ಕವಚದ ಗಟ್ಟಿತನ ಇನ್ನೊಂದು.

ಹಾಗಾಗಿ ನನ್ನ ಅಭಿಪ್ರಾಯ ನೇರ: ವಾರವಾರವೂ ಹೆದ್ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೋಗುವವರು ಈ ಕಾರು ಕೊಳ್ಳಬಾರದು. ನಾವು ತುಮಕೂರಿಗೆ ಹೋಗುವುದು ರೈಲಿನಲ್ಲೋ ಕೆಂಪು ಬಸ್ಸಿನಲ್ಲೋ. ಊರೊಳಗೆ, ಮೂರನೇ ಗೇರು ಹಾಕಲೂ ಅವಕಾಶ ಸಿಗದ ರಸ್ತೆಗಳಲ್ಲಿ, ಹಿಂದಿನ ಸೀಟಿನವರೂ ಬೆಲ್ಟ್ ಹಾಕಿಕೊಂಡು ಹೋಗುವುದಾದರೆ, ಸ್ಕೂಟರಿಗಿಂತ ಇದು ಎಷ್ಟೋ ಪಾಲು ವಾಸಿ. ನಮ್ಮ ಹೋಲಿಕೆ ಸ್ಕೂಟರಿನ ಜೊತೆ. ಗಂಡ, ನಾನು, ನಡುವೆ ಮಗಳು, ಮುಂದೆ ನಿಂತ ಮಗ, ಹಾಗೆ ಎಷ್ಟು ವರ್ಷ ಓಡಾಡಿದ್ದೇವೆ! ಮಳೆಯಲ್ಲಿ ಸ್ಕೂಟರಿನ ಮೇಲೆ ಹೋಗುವ ಇಂಥದ್ದೇ ಸಂಸಾರಗಳನ್ನು ನೋಡಿ ರತನ್ ಟಾಟಾ ಅವರಿಗೆ ನ್ಯಾನೊದ ಯೋಚನೆ ಹುಟ್ಟಿತ್ತು. 624 ಸಿಸಿ, ಹಿಂಬದಿಗೆ ಎಂಜಿನ್, ಹತ್ತು ಅಡಿ ಉದ್ದ. 2009ರಲ್ಲಿ ರಸ್ತೆಗಿಳಿದು 2018ರಲ್ಲಿ ನಿಂತಿತು. ‘ಅತಿ ಅಗ್ಗದ ಕಾರು’ ಅಂತ ಹೆಸರಾದದ್ದೇ ಅದಕ್ಕೆ ಮುಳುವಾಯಿತು ಅಂತ ಮುಂದೆ ಅವರೇ ಒಪ್ಪಿಕೊಂಡರು. ನಮ್ಮ ಜನ ಕಷ್ಟಪಟ್ಟು ಉಳಿಸಿದ ದುಡ್ಡಿನಲ್ಲಿ ಕಾರು ತರುವುದು ತಲೆ ಎತ್ತಿ ನಡೆಯಲು. ಬಡತನದ ಚೀಟಿ ಹಣೆಗೆ ಅಂಟಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ.

ಆ ಸಂಕೋಚ ನನಗೂ ತಟ್ಟಿತು. ದೊಡ್ಡ ಗಾಡಿಗಳ ಒಂದು ಶೋರೂಮಿನಲ್ಲಿ, ನಾನು ಟೇಪು ತೆಗೆದು ಬಂಪರಿನಿಂದ ಬಂಪರಿಗೆ ಅಳೆಯುತ್ತಿದ್ದಾಗ ಮಾರಾಟದ ಹುಡುಗ, ‘ಮೇಡಂ, ಇನ್ನು ಎರಡು ಸಾವಿರ ಇಎಂಐ ಜಾಸ್ತಿ ಮಾಡ್ಕೊಳ್ಳಿ, ಸಣ್ಣ ಗಾಡಿ ತಗೊಂಡ್ರೆ ಆಮೇಲೆ ಬೇಜಾರಾಗತ್ತೆ’ ಅಂದ. ಆ ಎರಡು ಸಾವಿರ ಏಳು ವರ್ಷಕ್ಕೆ ಒಂದು ಲಕ್ಷದ ಅರವತ್ತೆಂಟು ಸಾವಿರ. ಅದು ಮಾವನ ಔಷಧಿಯ ದುಡ್ಡು.

2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, ಸಣ್ಣ ಕಾರುಗಳ ಮೇಲೆ ಸೆಸ್ಸೂ ಸೇರಿ ಶೇ 29 ಇದ್ದ ತೆರಿಗೆ 18ಕ್ಕೆ ಇಳಿಯಿತು. ಕೆ10ರ ತೀರಾ ಕೆಳಗಿನ ಮಾದರಿಯ ಶೋರೂಂ ಬೆಲೆ ಆಗ 3.70 ಲಕ್ಷಕ್ಕೆ ನೂರು ರೂಪಾಯಿ ಕಡಿಮೆಗೆ ಬಂತು. ನಾವು ಕಾಯುತ್ತಿದ್ದದ್ದು ಇದಕ್ಕೇ. ಆದರೆ ಕರ್ನಾಟಕದಲ್ಲಿ ಕಾರು ಕೊಳ್ಳುವವರು ಶೋರೂಂ ಬೆಲೆ ನೋಡಿ ಹಿಗ್ಗಬಾರದು. ಐದು ಲಕ್ಷದೊಳಗಿನ ಕಾರಿಗೂ ಇಲ್ಲಿ ಜೀವಾವಧಿ ತೆರಿಗೆ ಶೇ 13, ಅಂದರೆ ಲಕ್ಷಕ್ಕೆ ಹದಿಮೂರು ಸಾವಿರ, ಅದರ ಮೇಲೆ ಸೆಸ್ಸು. ಆಮೇಲೆ ಮೂರು ವರ್ಷದ ಕಡ್ಡಾಯ ಥರ್ಡ್ ಪಾರ್ಟಿ ಇನ್ಶೂರೆನ್ಸು. ಇನ್ಶೂರೆನ್ಸನ್ನು ಶೋರೂಮಿನಲ್ಲೇ ಮಾಡಿಸಬೇಕೆಂದಿಲ್ಲ, ಹೊರಗೆ ನಾಲ್ಕು ಕಡೆ ವಿಚಾರಿಸಿ ಮಾಡಿಸಬಹುದು. ಸೀಟ್ ಕವರು, ಮಡ್‌ಫ್ಲ್ಯಾಪು ಎಲ್ಲ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಬಿಲ್ಲಿನ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ‘ಇದೇನು?’ ಅಂತ ಕೇಳಿ.

ನಾನು ಡ್ರೈವಿಂಗ್ ಕಲಿತದ್ದು ನಲವತ್ತಮೂರನೇ ವಯಸ್ಸಿಗೆ. ಡ್ರೈವಿಂಗ್ ಸ್ಕೂಲಿನವರು ‘ಹಾಫ್ ಕ್ಲಚ್ಚಲ್ಲಿ ಹಿಡ್ಕೊಳ್ಳಿ ಮೇಡಂ, ಹಾಫ್ ಕ್ಲಚ್’ ಅಂತ ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ಹನುಮಂತನಗರ ಗುಡ್ಡದ ಊರು. ರಾಮಾಂಜನೇಯ ಗುಡ್ಡದ ಸುತ್ತಲಿನ ಕ್ರಾಸುಗಳಲ್ಲಿ ಏರಿನಲ್ಲಿ ನಿಂತು ಹೊರಡುವುದೆಂದರೆ ಎದೆ ಬಾಯಿಗೆ ಬರುತ್ತಿತ್ತು. ಹಾಗಾಗಿ ಕ್ಲಚ್ಚಿಲ್ಲದ ಮಾದರಿ ತೆಗೆದುಕೊಂಡೆವು. 2014ರಲ್ಲಿ ಸೆಲೆರಿಯೊ ಜೊತೆ ಬಂದ ಈ ಎಎಂಟಿ ವ್ಯವಸ್ಥೆ ಅದೇ ವರ್ಷದ ಕೊನೆಗೆ ಆಲ್ಟೊಗೂ ಬಂತು. ಒಳಗೆ ಗೇರ್‌ಬಾಕ್ಸು, ಕ್ಲಚ್ ಪ್ಲೇಟು ಎಲ್ಲ ಮಾಮೂಲಿ ಕಾರಿನವೇ. ಕಾಲು, ಕೈ ಮಾಡುವ ಕೆಲಸವನ್ನು ಒಂದು ಪುಟ್ಟ ಯಂತ್ರ ಮಾಡುತ್ತದೆ, ಅಷ್ಟೆ. ಅದಕ್ಕೇ ಇದು ದುಬಾರಿ ಆಟೊಮ್ಯಾಟಿಕ್ಕಿಗಿಂತ ಅಗ್ಗ. ಅದಕ್ಕೇ ಗೇರು ಬದಲಾಗುವಾಗ ಒಂದು ಸಣ್ಣ ತಡೆ, ಕೂತವರ ತಲೆ ಮುಂದಕ್ಕೊಮ್ಮೆ ತೂಗುತ್ತದೆ. ಆ ಕ್ಷಣಕ್ಕೆ ಆಕ್ಸಿಲರೇಟರಿನಿಂದ ಕಾಲನ್ನು ಕೂದಲೆಳೆಯಷ್ಟು ಎತ್ತಿದರೆ ಅದೂ ಗೊತ್ತಾಗುವುದಿಲ್ಲ. ಇದನ್ನು ಕಲಿಯಲು ನನಗೆ ಹದಿನೈದು ದಿನ ಹಿಡಿಯಿತು.

ಇನ್ನೊಂದು ಪಾಠ ಹೇಳಿಕೊಟ್ಟದ್ದು ನಮ್ಮ ಬೀದಿಯ ಗ್ಯಾರೇಜಿನವರು. ಏರಿನಲ್ಲಿ ಸಿಗ್ನಲ್ ಬಿದ್ದಾಗ ನಾನು ಬ್ರೇಕ್ ಬಿಟ್ಟು ಆಕ್ಸಿಲರೇಟರನ್ನೇ ಮೆಲ್ಲಗೆ ಒತ್ತಿ ಗಾಡಿ ಹಿಂದೆ ಹೋಗದ ಹಾಗೆ ಹಿಡಿಯುತ್ತಿದ್ದೆ. ಒಂದು ದಿನ ಸುಟ್ಟ ವಾಸನೆ ಬಂತು. ‘ಅಕ್ಕಾ, ಕ್ಲಚ್ ಪೆಡಲ್ ಇಲ್ಲ ಅಂದ್ರೆ ಕ್ಲಚ್ಚೇ ಇಲ್ಲ ಅಂತಲ್ಲ. ಏರಲ್ಲಿ ಹಾಗೆ ಹಿಡಿದ್ರೆ ಪ್ಲೇಟ್ ಸುಟ್ಟೋಗತ್ತೆ. ಹ್ಯಾಂಡ್‌ಬ್ರೇಕ್ ಎಳೀರಿ’ ಅಂದರು. ಈಗ ಹಾಗೇ ಮಾಡುತ್ತೇನೆ. ಈ ಕಾರು ಕೊಳ್ಳುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳಿಕೊಡಬೇಕಾದ ವಿಷಯ ಇದು.

ಕೊರತೆಗಳನ್ನೂ ಹೇಳಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ಮೂರು ಸಿಲಿಂಡರಿನ ನಡುಕ ಸ್ಟೇರಿಂಗಿಗೆ ತಟ್ಟುತ್ತದೆ. ಹಿಂದಿನ ಕಿಟಕಿಯನ್ನು ಕೈಯಿಂದ ತಿರುಗಿಸಿ ಇಳಿಸಬೇಕು. ಡಿಕ್ಕಿ 214 ಲೀಟರು: ಇಪ್ಪತ್ತೈದು ಕೆ.ಜಿ. ಅಕ್ಕಿ ಮೂಟೆ, ಮಡಚಿದ ವಾಕರು, ತರಕಾರಿ ಚೀಲ ಇಟ್ಟರೆ ಮುಗಿಯಿತು. ನನಗೆ ಬೇಸರವಿರುವುದು ಸೀಟಿನ ಎತ್ತರದ ಬಗ್ಗೆ. ಮಂಡಿ ನೋವಿನವರಿಗೆ ಇದು ತಗ್ಗು. ಮಾವ ಮೊದಲು ಹಿಂಭಾಗವನ್ನು ಸೀಟಿನ ಮೇಲೆ ಊರುತ್ತಾರೆ, ಆಮೇಲೆ ನಾನು ಅವರ ಎರಡೂ ಪಾದಗಳನ್ನು ಜೋಡಿಸಿ ಒಳಗೆ ತಿರುಗಿಸುತ್ತೇನೆ. ಇಳಿಯುವಾಗ ಬಾಗಿಲ ಮೇಲಂಚನ್ನು ಹಿಡಿದು ಎರಡು ಸಲ ತೂಗಿಕೊಂಡು ಏಳುತ್ತಾರೆ. ಎತ್ತರದ ವ್ಯಾಗನ್‌ ಆರ್ ಕೂಡ ಹನ್ನೆರಡು ಅಡಿಯೊಳಗೇ ಇದೆ, ಟೇಪಿನ ಪರೀಕ್ಷೆಯಲ್ಲಿ ಪಾಸಾಗಿತ್ತು. ನಮ್ಮ ಇಎಂಐಗೆ ಎಟುಕಲಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನೂ ಶೋರೂಮಿಗೆ ಕರೆದೊಯ್ದು, ಎರಡು ಮೂರು ಕಾರುಗಳಲ್ಲಿ ಹತ್ತಿಸಿ ಇಳಿಸಿ ನೋಡಿ. ನಾನು ಬರೀ ಪೋರ್ಟಿಕೊ ಅಳೆದೆ, ಮಾವನ ಮಂಡಿಯ ಎತ್ತರವನ್ನು ಅಳೆಯಲಿಲ್ಲ.

ಬೆಂಗಳೂರಿನ ಟ್ರಾಫಿಕ್ಕಿನ ಬಗ್ಗೆ ಹೊಸದಾಗಿ ಹೇಳುವುದೇನಿದೆ? 2019ರಲ್ಲಿ ಟಾಮ್‌ಟಾಮ್ ಕಂಪನಿಯ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ದಟ್ಟಣೆಯ ನಗರ ನಮ್ಮದು. ಖಾಲಿ ರಸ್ತೆಯಲ್ಲಿ ಹಿಡಿಯುವುದಕ್ಕಿಂತ ಶೇ 71ರಷ್ಟು ಹೆಚ್ಚು ಹೊತ್ತು. ಸೌತ್ ಎಂಡ್ ಸರ್ಕಲ್ಲಿನಲ್ಲಿ ಸಂಜೆ ಆರಕ್ಕೆ ನಿಂತರೆ ಆ ಲೆಕ್ಕವೂ ಕಡಿಮೆಯೇ ಅನ್ನಿಸುತ್ತದೆ. ಕಂಪನಿಯವರು ಹೇಳುವ ಮೈಲೇಜು ಲೀಟರಿಗೆ 24ರ ಮೇಲೆ. ಮಗಳು ಡೈರಿಯಲ್ಲಿ ಬರೆದಿಟ್ಟ ಪ್ರಕಾರ ನಮಗೆ ಸಿಗುತ್ತಿರುವುದು ಹದಿನೈದು, ಭಾನುವಾರ ಹದಿನೇಳು. ಆದರೆ ಸಣ್ಣತನದ ಲಾಭ ಅಲ್ಲೇ ಕಾಣುವುದು. ಗಾಂಧಿಬಜಾರಿನ ಪಕ್ಕದ ರಸ್ತೆಗಳಲ್ಲಿ ಎರಡು ಕಾರಿನ ನಡುವೆ ಬೇರೆಯವರು ಬಿಟ್ಟು ಹೋದ ಜಾಗದಲ್ಲಿ ಇದು ಕೂರುತ್ತದೆ. ತಿರುಗುವ ತ್ರಿಜ್ಯ ನಾಲ್ಕೂವರೆ ಮೀಟರ್, ಅಂದರೆ ಖಾಲಿ ಇದ್ದರೆ ಮೂವತ್ತು ಅಡಿ ರಸ್ತೆಯಲ್ಲಿ ಒಂದೇ ಏಟಿಗೆ ತಿರುಗಬಹುದು. ನಮ್ಮ ರಸ್ತೆ ಯಾವತ್ತೂ ಖಾಲಿ ಇರುವುದಿಲ್ಲ, ಎರಡು ಸಲ ಹಿಂದೆ ಮುಂದೆ ಮಾಡಬೇಕು.

ಊರಿನ ಅಳತೆಗೆ ತಕ್ಕ ಕಾರನ್ನು ಬೆಂಗಳೂರು ತಾನೇ ಒಮ್ಮೆ ಮಾಡಿತ್ತು. ಬೊಮ್ಮಸಂದ್ರದಲ್ಲಿ ಚೇತನ್ ಮೈನಿ ಅವರ ಬಳಗ 2001ರಲ್ಲಿ ಹೊರತಂದ ರೇವಾ ಎಲೆಕ್ಟ್ರಿಕ್ ಕಾರು ಎರಡೂಮುಕ್ಕಾಲು ಮೀಟರೂ ಉದ್ದವಿರಲಿಲ್ಲ. ಮನೆಯ ಪ್ಲಗ್ಗಿಗೇ ಚಾರ್ಜು. ಲಂಡನ್ನಿನ ಬೀದಿಗಳಲ್ಲಿ ಅದು ಜಿ–ವಿಜ್ ಎಂಬ ಹೆಸರಲ್ಲಿ ಓಡಿತು. ಇಲ್ಲಿ ಅದನ್ನು ಆಟಿಕೆಯ ಹಾಗೆ ನೋಡಿದೆವು. 2010ರಲ್ಲಿ ಕಂಪನಿ ಮಹೀಂದ್ರದ ಪಾಲಾಯಿತು. ಈಗ ಎಂಜಿ ಕಾಮೆಟ್, ಟಿಯಾಗೊ ಎಲೆಕ್ಟ್ರಿಕ್ ಬಂದಿವೆ. ಎರಡೂ ನಮ್ಮ ಗೇಟಿನೊಳಗೆ ಹಿಡಿಯುತ್ತವೆ. ಬೆಲೆ ಇನ್ನಷ್ಟು ಇಳಿದರೆ ಮುಂದಿನದು ಅದೇ.

ಬಲಿಪಾಡ್ಯಮಿಯ ಹಿಂದಿನ ವಾರ ಕಾರು ಬಂತು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಮುಂದೆ ಸಾಲಿನಲ್ಲಿ ನಿಂತು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಪೂಜೆ ಮಾಡಿಸಿ ತಂದೆವು. ಆ ಶುಕ್ರವಾರ ಡಯಾಲಿಸಿಸ್ ಮುಗಿಸಿ ಬರುವಾಗ ಮಳೆ. ಮಾವ ಸೀಟಿಗೆ ತಲೆ ಆನಿಸಿ ಅಶೋಕ ಪಿಲ್ಲರ್ ದಾಟುವ ಮೊದಲೇ ನಿದ್ದೆ ಹೋದರು. ಮನೆ ಮುಟ್ಟಿದ ಮೇಲೂ ಐದು ನಿಮಿಷ ನಾನು ಎಬ್ಬಿಸಲಿಲ್ಲ.

ಮೊನ್ನೆ ಭಾನುವಾರ ಎದುರು ಮನೆಯ ಹುಡುಗ ಬಂದು ಟೇಪು ಕೇಳಿದ. ಅವನಿಗೆ ಸ್ಕೂಟರಿದೆ, ಇಬ್ಬರು ಮಕ್ಕಳು, ಚಿಕ್ಕದಕ್ಕೆ ಇನ್ನೂ ಎರಡು ವರ್ಷ ತುಂಬಿಲ್ಲ. ಇಬ್ಬರೂ ಸೇರಿ ಅವನ ಪೋರ್ಟಿಕೊ ಅಳೆದೆವು. ಹನ್ನೊಂದು ಅಡಿ ನಾಲ್ಕು ಇಂಚು. ಮೂರು ಇಂಚು ಸಾಲದು. ಅವನು ಟೇಪನ್ನು ಸುತ್ತಿ ನನ್ನ ಕೈಗೆ ಕೊಟ್ಟು, ಮೆಟ್ಟಿಲ ಪಕ್ಕದಲ್ಲಿ ಅವರಮ್ಮನ ಕಾಲದಿಂದ ಇರುವ ಬಟ್ಟೆ ಒಗೆಯುವ ಕಲ್ಲನ್ನು ನೋಡುತ್ತಾ ನಿಂತ. ಆಮೇಲೆ ಬಗ್ಗಿ, ಕಲ್ಲಿನ ಬುಡದ ಸಿಮೆಂಟನ್ನು ಉಗುರಿನಿಂದ ಕೆರೆದ.

‘ಇದನ್ನ ಟೆರೇಸಿಗೆ ಹಾಕಿಸಬಹುದು, ಅಲ್ವಾ ಅಕ್ಕಾ?’ ಅಂದ.